ಖಾರದ ಡಬ್ಬಿಯ ಸೀನು

ಬೆಟಗೇರಿಯ ದರ್ಜಿ ಶೇಖಸಾಬ ಅಂದು ಬೆಳಿಗ್ಗೆ ಸೀನದೆ ಇದ್ದಿದ್ದರೆ, ಮಧ್ಯಾಹ್ನದ ಹೊತ್ತಿಗೆ ಅಡರಕಟ್ಟಿಯಲ್ಲಿ ಹೆಂಡತಿಯ ಎದುರು ಕೂತು ರೊಟ್ಟಿ ಮುರಿಯುತ್ತಿದ್ದ. ಆದರೆ ಸೀನಿದ. ಅದೂ ಬಾಗಿಲು ತೆರೆದಿಟ್ಟುಕೊಂಡು, ಓಣಿಗೆಲ್ಲ ಕೇಳುವ ಹಾಗೆ. ಆ ಕೊರೊನಾ ಕಾಲದಲ್ಲಿ ಕಳ್ಳತನ ಮಾಡಿಯಾದರೂ ದಕ್ಕಿಸಿಕೊಳ್ಳಬಹುದಿತ್ತು, ಸೀನಿ ದಕ್ಕಿಸಿಕೊಳ್ಳುವ ಹಾಗಿರಲಿಲ್ಲ.

ಹೆಂಡತಿ ಅಲ್ಮಾಸಬಿ ತನ್ನ ತಮ್ಮ ಜಾವೀದನ ಮಗಳ ನಿಶ್ಚಯಕ್ಕೆಂದು ಅಡರಕಟ್ಟಿಯ ತವರಿಗೆ ಹೋದವಳು, ಲಾಕ್‌ಡೌನ್ ಆಗಿ ಅಲ್ಲೇ ಸಿಕ್ಕಿಬಿದ್ದಿದ್ದಳು. ಅವಳನ್ನು ಬಿಟ್ಟುಬರಲು ಹೋಗಿದ್ದ ಶೇಖಸಾಬ ಅವಸರದಲ್ಲಿ ತನ್ನ ತಪಕೀರಿನ ಡಬ್ಬಿಯನ್ನೂ ಅಲ್ಲೇ ಮರೆತು ಬಂದಿದ್ದ. ಅಂಗಡಿಗಳೆಲ್ಲ ಮುಚ್ಚಿದ್ದವು, ಬೇರೆ ನಶ್ಯ ಸಿಗಲಿಲ್ಲ. ಮೊದಮೊದಲು ಡಬ್ಬಿಗಾಗಿ ಒದ್ದಾಡಿದ. ಆಮೇಲೆ ಅದನ್ನು ಬಿಟ್ಟು ಹೆಂಡತಿಗಾಗಿ ಒದ್ದಾಡತೊಡಗಿದ. ಜಗಳಕ್ಕಾದರೂ ಎದುರಿಗಿರುತ್ತಿದ್ದವಳು ಇಲ್ಲದೆ, ಮನೆ ಕತ್ತರಿಸಿಟ್ಟು ಹೊಲಿಯದೆ ಬಿಟ್ಟ ಅಂಗಿಯ ಹಾಗೆ ಕಾಣುತ್ತಿತ್ತು.

ದಿನಾ ಬೆಳಿಗ್ಗೆ ಅವನು ಮಾಡುತ್ತಿದ್ದ ಒಂದು ಕೆಲಸ ಯಾರಿಗೂ ಗೊತ್ತಿರಲಿಲ್ಲ. ಅಡುಗೆಮನೆಗೆ ಹೋಗಿ, ಅವಳು ಕುಟ್ಟಿಸಿಟ್ಟ ಮಸಾಲೆ ಖಾರದ ಡಬ್ಬಿ ತೆರೆದು, ಕಣ್ಣು ಮುಚ್ಚಿ ಮೂಸುತ್ತಿದ್ದ. ಅವಳ ಕೈಯಿಂದ, ಸೆರಗಿನಿಂದ ಬರುತ್ತಿದ್ದದ್ದು ಅದೇ ವಾಸನೆ. ಇಂದು ಅಡರಕಟ್ಟಿಗೆ ಹೋಗುವ ಲಕ್ಷ್ಮೇಶ್ವರದ ಬಸ್ಸು ಮತ್ತೆ ಶುರು. ಹಸಿರು ರೇಷ್ಮೆಯ ತುಂಡಿನಲ್ಲಿ ಅವಳಿಗಾಗಿ ಹೊಲಿದ ಮಾಸ್ಕು ಕಿಸೆಯಲ್ಲಿತ್ತು. ಆ ಸಂತೋಷದಲ್ಲಿ ಮೂಗನ್ನು ಡಬ್ಬಿಯೊಳಗೆ ತುಸು ಹೆಚ್ಚೇ ಇಳಿಸಿದ.

"ಆಕ್ಷೀ!"

ಮೂಗಿಗಂಟಿದ ಖಾರವನ್ನು ಟವೆಲ್ಲಿಗೆ ಒರೆಸಿ, ಅದನ್ನೇ ಹೆಗಲಿಗೆ ಹಾಕಿಕೊಂಡು ಹೊರಬಂದರೆ, ಎದುರು ಕಟ್ಟೆಯ ಮೇಲೆ ಓಣಿಯ ಹಿರಿಯ ನೀಲಪ್ಪ ಎದ್ದು ನಿಂತಿದ್ದ.

"ಶೇಖಸಾಬಾ, ಸೀನಿದೇನಲೇ?"

"ತಪಕೀರ ಏರಿಸಿದ್ನ್ರಿ ಕಾಕಾ."

"ಎಲ್ಲೀ ತಪಕೀರಲೇ? ಡಬ್ಬಿ ಅಡರಕಟ್ಟ್ಯಾಗ ಉಳೀತು ಅಂತ ಓಣಿ ತುಂಬ ಅತ್ತಾಂವ ನೀನ ಹೌದಲ್ಲೋ?"

ಖರೆ ಹೇಳೋಣವೆಂದು ಬಾಯಿ ತೆರೆದ. ಹೆಂಡತಿಯ ಖಾರದ ಡಬ್ಬಿ ಮೂಸುತ್ತಿದ್ದೆ ಅಂದರೆ ಈ ಓಣಿ ತಾನು ಸತ್ತ ಮೇಲೂ ನಗುತ್ತದೆ ಎಂದು ಹೊಳೆದು, "ಸ್ವಲ್ಪ ಥಂಡಿ ಆಗೈತ್ರಿ," ಅಂದುಬಿಟ್ಟ.

"ತಿಪ್ಪವ್ವಾ! ಶಮಶಾದಬೀ! ಶೇಖಸಾಬಗ ಥಂಡಿ ಆಗೈತಂತ, ಜಲ್ದಿ ಬರ್ರಿ!"

"ಕಾಕಾ, ನಾ ಬಸ್ಸಿಗೆ ಹೊಂಟೀನ್ರಿ."

"ಹೋಗೂವಂತಿ. ಮೊದಲ ಕಷಾಯ ಕುಡಿ. ಗಿಡದಾಗಿನ ಸತ್ವ ಕಂಡ್ರ ವೈರಸ್ಸು ದಿಕ್ಕಾಪಾಲಾಗಿ ಓಡತೈತಿ. ಮೊಬೈಲಿನ್ಯಾಗ ಬಂದೈತಿ, ಸುಳ್ಳ ಇರತೈತೇನು?"

ಬೇಗ ಕುಡಿದರೆ ಬೇಗ ಹೊರಡಬಹುದು. ಶೇಖಸಾಬ ನೀಲಪ್ಪನ ಅಮೃತಬಳ್ಳಿಯ ಕಷಾಯವನ್ನು ಉಸಿರು ಬಿಗಿಹಿಡಿದು ಇಳಿಸಿದ. ಆ ಬಳ್ಳಿಗೆ ಹೆಸರಿಟ್ಟವನು ಅದನ್ನು ಕುಡಿದಿರಲಾರ. ಒಬ್ಬರದು ಕುಡಿದು ಇನ್ನೊಬ್ಬರದು ಬಿಟ್ಟರೆ ಆ ಓಣಿಯಲ್ಲಿ ಮಾತೇ ನಿಂತುಹೋಗುತ್ತದೆ. ಹಾಗಾಗಿ ತಿಪ್ಪವ್ವನ ಲೋಟಕ್ಕೂ ಕೈ ಚಾಚಿದ.

"ಅವನ ಬಳ್ಳಿ ಏನ್ ಮಾಡತೈತೋ ಯಪ್ಪಾ? ಇದು ತುಳಸಿ, ಮೆಣಸು, ಒಣಶುಂಠಿ!"

ಅದು ಮುಗಿಯುವುದರೊಳಗೆ ಶಮಶಾದಬಿ, "ಭಾಯಿ, ಕಲೋಂಜಿ, ಬಳ್ಳೊಳ್ಳಿ, ಅರಿಷಿಣ ಹಾಕೀನಿ. ಬಿಟ್ಟು ಹೋದ್ರ ನನ್ನ ಆಣಿ ಐತಿ," ಎಂದು ಬೋಗುಣಿಯನ್ನೇ ಬಾಯಿಗೆ ಹಿಡಿದಳು.

ಮೂರೂ ಹೊಟ್ಟೆಯಲ್ಲಿ ಒಂದನ್ನೊಂದು ಕಂಡು ಗುರುಗುಟ್ಟಿದವು. ಮೆಣಸು ನೆತ್ತಿಗೇರಿ ಮುಖದಿಂದ ಬೆವರಿಳಿಯಿತು. ಶೇಖಸಾಬ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬೆಳಗಿನ ಖಾರ ಅದರಲ್ಲೇ ಇತ್ತು. ಕಣ್ಣು ಉರಿದು ಕೆಂಡವಾದವು. ಸೀನಿನ ಮೇಲೆ ಸೀನು ಬಂತು.

"ಮೈ ಬೆವರಾಕತ್ತೈತಿ, ಕಣ್ಣು ಕೆಂಪ ಆಗ್ಯಾವು! ಒಳಗ ನಡಿಯಲೇ, ಒಳಗ!" ನೀಲಪ್ಪ ಅವನನ್ನು ದೂರದಿಂದಲೇ ಕೋಲಿನಲ್ಲಿ ತಳ್ಳಿ, ಹೊರಗಿನಿಂದ ಚಿಲಕ ಹಾಕಿದ. "ಹದಿನಾಕು ದಿನ ಇರು. ಕಷಾಯ ಕಿಟಕ್ಯಾಗ ಕೊಡತೀವಿ."

ಹೊತ್ತಿಗೆ ಸರಿಯಾಗಿ ದೊಡ್ಡ ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಶೇಖಸಾಬ ಕಿಸೆಯ ಹಸಿರು ಮಾಸ್ಕನ್ನು ತೆಗೆದು ಹೊಲಿಗೆ ಸವರುತ್ತಾ ಕೂತ. ಅವಳು ಅಲ್ಲಿ ದಾರಿ ನೋಡುತ್ತಿರುತ್ತಾಳೆ ಎಂದು ನೆನೆದಾಗ ಅಳು ಬಂತು. ಈ ಸಲ ಖಾರದ ತಪ್ಪಿರಲಿಲ್ಲ.

ಸಂಜೆ ಅವಳದೇ ಫೋನು ಬಂತು.

"ಏನ್ರಿ, ಬರಲೇ ಇಲ್ಲಲ್ಲ?"

"ಬರಾಕಾಗಲಿಲ್ಲ ಅಲ್ಮಾಸ. ಸಿಟ್ಟಾಗಬ್ಯಾಡ. ನಾಳೆ ನೀನ ಬಾ. ಜಾವೀದ ಬಸ್ಸು ಹತ್ತಸ್ತಾನ."

ಅವಳು ದನಿ ತಗ್ಗಿಸಿದಳು.

"ನನಗೂ ಬರಾಕಾಗೂದಿಲ್ರಿ. ಮುಂಜಾನಿಂದ ಖೋಲಿಯೊಳಗ ಕೂಡಿಹಾಕ್ಯಾರ. ಸೀನಿದ್ನಿ."

ಶೇಖಸಾಬ ದಡಕ್ಕನೆ ಎದ್ದು ನಿಂತ. "ಜ್ವರ ಐತೇನು?"

"ಏನೂ ಇಲ್ಲ. ನಗಬಾರದು ನೋಡ್ರಿ ಮತ್ತ. ನಿಮ್ಮ ತಪಕೀರಿನ ಡಬ್ಬಿ ಇಲ್ಲೇ ಐತಲ್ಲ, ದಿನಾ ಮುಂಜಾನೆ ತಗದು ವಾಸನಿ ನೋಡ್ತೀನಿ. ನೀವು ಬಾಜೂಕ ಕುಂತಂಗ ಅನಸತೈತಿ. ಇವತ್ತ ನೀವು ಬರ್ತೀರಿ ಅನ್ನೂ ಖುಷಿಯೊಳಗ ಒಂದೀಟು ಮೂಗಿನ್ಯಾಗ ಹೋತು. ತಮ್ಮಗ ಇದನ್ನ ಹೆಂಗ ಹೇಳ್ಲಿ? ಥಂಡಿ ಅಂದ್ನಿ."

ಶೇಖಸಾಬ ನಗಲಿಲ್ಲ. "ಕಷಾಯ ಎಷ್ಟ ಆತು?" ಎಂದ.

"ನಾಕು! ನಿಮಗ ಹೆಂಗ ಗೊತ್ತಾತ್ರಿ?"

ಅವನು ಖಾರದ ಡಬ್ಬಿಯ ಕತೆಯನ್ನೆಲ್ಲ ಹೇಳಿದ. ಅವಳು ನಕ್ಕಳು. ನಕ್ಕು ನಕ್ಕು ಮೂಗೆಳೆದುಕೊಂಡಳು, ಆ ಸದ್ದು ಕೇಳಿ ಅಲ್ಲಿ ಜಾವೀದ ಓಡಿಬಂದ. "ಆಪಾ, ಮತ್ತ ಜಾಸ್ತಿ ಆತೇನು? ತಗೋ, ಅಮೃತಬಳ್ಳಿ ಐತಿ, ಬಿಸಿ ಇರೂದ್ರಾಗ ಕುಡಿ."

ಇಲ್ಲಿ ಕಿಟಕಿಯಲ್ಲಿ ನೀಲಪ್ಪನ ಲೋಟವೂ ಬಂತು.

"ಕುಡೀರಿ," ಎಂದಳು ಅಲ್ಮಾಸಬಿ.

"ನೀನೂ," ಎಂದ ಶೇಖಸಾಬ.

ಎರಡು ತಿಂಗಳ ಮೇಲೆ ಗಂಡ ಹೆಂಡತಿ ಅಂದು ಸಂಜೆ ಜೊತೆಯಲ್ಲಿ ಕುಡಿದರು, ಚಹಾ ಅಲ್ಲ, ಅಮೃತಬಳ್ಳಿ.