ಜಾಜು ಎಂದುಕೊಂಡು ಬಂದವರು

ಸಂಗೀತದ ಹುಚ್ಚು ಹಿಡಿದವರನ್ನು ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಹಾಡುವವನಾದರೆ ಮದುವೆ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ತಬಲಾ ಬಾರಿಸುವವನಾದರೆ ಭಜನೆಗೆ ಕರೆಯುತ್ತಾರೆ. ಆದರೆ ಹಾಡಲೂ ಬಾರದೆ, ಬಾರಿಸಲೂ ಬಾರದೆ, ಬೇರೆ ಯಾರೋ ನುಡಿಸಿದ್ದಕ್ಕೆ ಅಡಿಟಿಪ್ಪಣಿ ಬರೆಯುವ ಹುಚ್ಚು ಹಿಡಿದವನನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ನಾನು ಆ ಪೈಕಿಯವನು. ಹೊಸಪೇಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ಉಳಿದ ಹೊತ್ತಿನಲ್ಲಿ, ಅಮೆರಿಕದ ಕಪ್ಪುಜನ ಹುಟ್ಟುಹಾಕಿದ ಜಾಜ್ ಸಂಗೀತ ಮತ್ತು ಅದರ ವಾದಕರ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ.

"ಕಿಟಕಿ ತೆಗದ್ರ ಹಂಪಿ ಐತಿ, ಅದನ್ನ ಬಿಟ್ಟು ಅಮೆರಿಕಾಕ್ಕ ಯಾಕ ಹೋದ್ರಿ?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನಿಜ ಹೇಳಬೇಕೆಂದರೆ ಹಂಪಿಯ ಒಂದೊಂದು ಕಂಬಕ್ಕೂ ಈಗಾಗಲೇ ಒಬ್ಬೊಬ್ಬ ಸಂಶೋಧಕ ಒರಗಿ ಕೂತಿದ್ದಾನೆ. ನನಗೆ ಜಾಗ ಸಿಗಲಿಲ್ಲ. ಇನ್ನೊಂದು ಕಾರಣವೂ ಉಂಟು. ಹುಡುಗನಾಗಿದ್ದಾಗ ಹಂಪಿಯ ಚಹಾದಂಗಡಿಯೊಂದರಲ್ಲಿ ವಿದೇಶಿ ಪ್ರವಾಸಿಯೊಬ್ಬ ತಾನು ಹಾಡು ಕೇಳುತ್ತಿದ್ದ ಇಯರ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿದ್ದ. ಒಳಗೆ ಟ್ರಂಪೆಟ್ ಒಂದು ಅಳುತ್ತಿತ್ತೋ ನಗುತ್ತಿತ್ತೋ ತಿಳಿಯಲಿಲ್ಲ. ಅದನ್ನು ತಿಳಿಯಲೆಂದೇ ಓದಲು ಹೊರಟವನು ಓದುತ್ತಾ ಓದುತ್ತಾ ಪಂಡಿತನಾದೆ. ಅಳುವೋ ನಗುವೋ ಎಂಬುದು ಮಾತ್ರ ಹಾಗೇ ಉಳಿಯಿತು.

ನನ್ನ ಹೆಂಡತಿ ವಿಜಯಾ ಮಲಪನಗುಡಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮದುವೆಯಾದ ಹೊಸತರಲ್ಲಿ ನಾನು ಜಾಜ್ ಹಾಕಿದಾಗ ಆಕೆ ಗಾಬರಿಯಿಂದ ಬಂದು, "ಏನ್ರಿ, ಅದರಾಗ ಯಾರ್ನರ ಹೊಡಿಯಾಕತ್ಯಾರೇನು?" ಎಂದು ಕೇಳಿದ್ದಳು. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟಳು. ಭಾನುವಾರ ಬೆಳಿಗ್ಗೆ ನಾನು ಸ್ಪೀಕರ್ ಹಚ್ಚಿದೊಡನೆ ಅಡುಗೆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಂದೇ ತುಣುಕನ್ನು, ಟ್ರಂಪೆಟ್ ಪ್ರಶ್ನೆ ಕೇಳುವ, ಸ್ಯಾಕ್ಸೊಫೋನ್ ಉತ್ತರ ಕೊಡುವ ತುಣುಕನ್ನು, ನಾನು ಮತ್ತೆ ಮತ್ತೆ ಹಾಕಿ ವಿಶ್ಲೇಷಣೆ ಬರೆಯುತ್ತಿದ್ದೆ. ಮುಚ್ಚಿದ ಬಾಗಿಲಿನ ಅರ್ಥ ತಿಳಿಯದಷ್ಟು ದಡ್ಡ ನಾನಲ್ಲ ಎಂದುಕೊಂಡಿದ್ದೆ.

ಹೀಗಿರುವಾಗ ನನ್ನ ಮಾರ್ಗದರ್ಶಕರು ನಾನು ಬರೆದದ್ದನ್ನೆಲ್ಲ ಓದಿ ಕನ್ನಡಕ ತೆಗೆದಿಟ್ಟರು. "ಇದರಲ್ಲಿ ಎಲ್ಲ ಇದೆ. ಸಂಗೀತ ಒಂದು ಬಿಟ್ಟು," ಎಂದರು. "ಜೀವ ಇರುವ ಒಂದೇ ಒಂದು ಅಧ್ಯಾಯ ತನ್ನಿ. ಆಗದಿದ್ದರೆ ವಿಷಯ ಬದಲಾಯಿಸೋಣ." ಮನೆಗೆ ಬಂದು ಮೂಲೆಯಲ್ಲಿ ಕೂತೆ. ವಿಷಯ ಬದಲಾಯಿಸುವುದೆಂದರೆ ಹೆಂಡತಿಗೆ, ಸಹೋದ್ಯೋಗಿಗಳಿಗೆ, ಕೊನೆಗೆ ಬೀದಿಯ ಕೊನೆಯ ಇಸ್ತ್ರಿ ಅಂಗಡಿಯವನಿಗೂ "ನೀವು ಹೇಳಿದ್ದೇ ಸರಿ" ಎಂದು ಒಪ್ಪಿಕೊಂಡಂತೆ. ಅದಕ್ಕಿಂತ ಹೆಚ್ಚಾಗಿ, ಆ ಟ್ರಂಪೆಟ್ಟಿನಿಂದ ದೂರವಾಗಿ ಹೇಗೆ ಬದುಕುವುದೆಂದೇ ನನಗೆ ಗೊತ್ತಿರಲಿಲ್ಲ.

ಆಗಲೇ ಸಂಡೂರಿನಿಂದ ಫೋನು ಬಂತು. ಅಲ್ಲಿಯ ಹಿರಿಯರ ಬಳಗವೊಂದರ ಕಾರ್ಯದರ್ಶಿ ತಿಪ್ಪೇಸ್ವಾಮಿ ಎಂಬವರು, ಗಣಿಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. "ಭಾನುವಾರ ಒಂದು ಉಪನ್ಯಾಸ ಮಾಡ್ರಿ ಸರ. ವಿಷಯ ಯಾವುದು?" ಎಂದರು. "ಜಾಜ್," ಎಂದೆ. "ಭೇಷಾತು! ನಮ್ಮೂರಿಗೆ ಭಾಳ ಹೊಂದ್ತದ," ಎಂದರು. ಸಂಡೂರಿನ ಜನ ಇಷ್ಟು ಮುಂದುವರಿದಿದ್ದಾರೆಂದು ನನಗೆ ಕಣ್ಣು ತುಂಬಿ ಬಂತು. ವಿಜಯಾ ಕೂಡ ಹೊರಟಳು. "ನಿಮ್ಮ ಭಾಷಣಕ್ಕಲ್ಲ ಮತ್ತ. ತಂಗಿ ಮನಿಗೆ ಹೋಗಿ ಭಾಳ ದಿನ ಆಗೈತಿ," ಎಂದು ಮೊದಲೇ ಹೇಳಿಟ್ಟಳು. ಆದರೆ ಸಂಡೂರಿನಲ್ಲಿದ್ದ ಆ ತಂಗಿ ಯಾವುದೋ ಮದುವೆಗೆ ಹೋಗಿ ಸಂಜೆಗೆ ಬರುವವಳಿದ್ದಳು. ಹೀಗಾಗಿ ವಿಜಯಾ ಬೇರೆ ದಾರಿಯಿಲ್ಲದೆ ನನ್ನ ಸಭೆಯ ಕೊನೆಯ ಸಾಲಿನಲ್ಲಿ ಕುಳಿತಳು.

ವೇದಿಕೆ ಹತ್ತುವಾಗ ಬ್ಯಾನರ್ ನೋಡಿದೆ: "ಜಾಜು: ಇತಿಹಾಸ ಮತ್ತು ಕಲಾವಿದರು". ಗೋಡೆಗೆ, ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣಿನ ಜಾಜು! ಊರಿನ ಸುತ್ತ ಕೆಂಪು ಗುಡ್ಡಗಳೇ ಇರುವಾಗ ಅವರು ಬೇರೇನು ತಿಳಿದಾರು? ಮುಂದಿನ ಸಾಲಿನಲ್ಲಿ ಹುಲಿಗೆಮ್ಮ ಎಂಬ ಅಜ್ಜಿ ಕಾಗದದಲ್ಲಿ ಒಂದು ಕೆಂಪು ಮಣ್ಣಿನ ಹೆಂಟೆ ಕಟ್ಟಿಕೊಂಡೇ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅದನ್ನು ಮೇಜಿನ ಮೇಲಿಟ್ಟು, "ಈಗಿನ ಜಾಜು ಗ್ವಾಡಿಗೆ ಹತ್ತಂಗಿಲ್ಲ ಸರ, ಯಾಕ ಅಂತ ನೋಡ್ರಿ," ಎಂದರು.

ಹಿಂದಿನ ಸಾಲಿನಲ್ಲಿ ವಿಜಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನದು ಮಣ್ಣಿನ ಜಾಜಲ್ಲ, ಸಂಗೀತದ ಜಾಜ್ ಎಂದು ನಾನು ನಿಜ ಹೇಳಿದೆ. ಸಭೆ ತಿಪ್ಪೇಸ್ವಾಮಿಯವರನ್ನು ನೋಡಿತು, ಅವರು ಬ್ಯಾನರನ್ನು ನೋಡಿದರು. ಕೊನೆಗೆ, "ಇರ್ಲಿ ಬಿಡ್ರಿ, ಹೆಂಗೂ ಬಂದು ಕುಂತೀವಿ. ಅದೇನ್ ಐತಿ ಅದನ್ನ ಹೇಳ್ರಿ," ಎಂದರು.

ಹೇಳಿದೆ. ಗುಲಾಮಗಿರಿ, ಹತ್ತಿಯ ಹೊಲ, ವಲಸೆ, ನಗರ ಎಲ್ಲ ಹೇಳಿದೆ. ನಾಲ್ಕಾರು ತಲೆಗಳು ತೂಗತೊಡಗಿದವು. ಮೆಚ್ಚುಗೆಯೆಂದು ಹಿಗ್ಗುವಷ್ಟರಲ್ಲಿ ಒಬ್ಬರ ಗೊರಕೆ ಕೇಳಿಸಿತು. ಅವಸರವಾಗಿ, "ಈಗ ನಿಮಗೆ ಕೇಳಿಸುತ್ತೇನೆ," ಎಂದು ಲ್ಯಾಪ್‌ಟಾಪ್ ಒತ್ತಿದೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ದೊಡ್ಡ ಸ್ಪೀಕರು ಮೂಕವಾಯಿತು; ಲ್ಯಾಪ್‌ಟಾಪಿನ ಸ್ವಂತ ದನಿ ಡಬ್ಬಿಯೊಳಗಿನ ಸೊಳ್ಳೆಯಂತಿತ್ತು. "ಇಲ್ಲಿಗೆ ಮುಗಿಸೋಣ," ಎಂದು ಕಾಗದ ಜೋಡಿಸಿಕೊಂಡೆ.

"ಕೇಳಿಸ್ತೀನಿ ಅಂದ್ರಲ್ಲ?" ಹುಲಿಗೆಮ್ಮ ಬಿಡಲಿಲ್ಲ. "ಬಾಯಿಲೇ ಕೇಳಿಸ್ರಿ."

ಜನ್ಮದಲ್ಲಿ ನಾಲ್ಕು ಜನರ ಮುಂದೆ ಹಾಡಿದವನಲ್ಲ ನಾನು. ಆದರೆ ಪಿಎಚ್‌ಡಿಯಲ್ಲಿ ಹೇಗೂ ಬಿಡಬೇಕಾದ ವಿಷಯ, ಮಾನ ಉಳಿಸಿಕೊಂಡು ಏನು ಮಾಡಲಿ ಎನಿಸಿತು. ತುಟಿ ಒತ್ತಿ ಹಿಡಿದು, ಕೆನ್ನೆ ಉಬ್ಬಿಸಿ, "ಪಾಂ... ಪಪಾ ಪಾಂ..." ಎಂದು ನನ್ನ ಭಾನುವಾರದ ತುಣುಕನ್ನೇ ಶುರು ಮಾಡಿದೆ. ಗೊರಕೆ ಹೊಡೆಯುತ್ತಿದ್ದವರು ಎದ್ದು ಕುಳಿತರು. ಯಾರೋ ಕಿಸಕ್ಕೆಂದರು. ಟ್ರಂಪೆಟ್ಟಿನ ಪ್ರಶ್ನೆ ಮುಗಿಯಿತು. ಉತ್ತರ ಬರಬೇಕಾದ ಜಾಗದಲ್ಲಿ ನನ್ನ ಉಸಿರು ಮುಗಿದಿತ್ತು. ನಿಂತುಬಿಟ್ಟೆ.

ಆಗ ಹಿಂದಿನ ಸಾಲಿನಿಂದ ಉತ್ತರ ಬಂತು.

ವಿಜಯಾ! ಕಿಟಕಿಯಾಚೆ ನೋಡುತ್ತಾ, ಯಾರಿಗೂ ಸಂಬಂಧವಿಲ್ಲವೆಂಬಂತೆ, ಸ್ಯಾಕ್ಸೊಫೋನಿನ ಸಾಲನ್ನು ಗುನುಗುತ್ತಿದ್ದಳು. ಒಂದು ಎಳೆಯೂ ತಪ್ಪದೆ. ನಾನು ಮತ್ತೆ ಪ್ರಶ್ನೆ ಹಾಕಿದೆ. ಈ ಸಲ ಆಕೆ ಅದನ್ನೇ ಹಾಡಲಿಲ್ಲ. ಕೊನೆಯನ್ನು ಎಳೆದು, ಬಾಗಿಸಿ, ಎಲ್ಲೋ ಹೋಗಿ ಮತ್ತೆಲ್ಲೋ ತಂದಿಳಿಸಿದಳು. ತಿಪ್ಪೇಸ್ವಾಮಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೆರಳು ಬಡಿಯತೊಡಗಿದರು, ಹೆಂಗಸರು ಚಪ್ಪಾಳೆಯಿಂದ ತಾಳ ಹಾಕಿದರು.

"ಎರಡ್ನೇ ಸಲ ಅಕ್ಕಾರು ತಪ್ಪಿದ್ರೇನ?" ಎಂದು ಹುಲಿಗೆಮ್ಮ ಕೇಳಿದರು.

"ತಪ್ಪಲಿಲ್ಲ ಅಮ್ಮ. ಅದೇ ಜಾಜ್. ಹಾಡು ಅದೇ, ಆದರೆ ಆ ಗಳಿಗೆಯಲ್ಲಿ ಮನಸ್ಸಿಗೆ ಬಂದ ಹಾಗೆ ತಿರುಗುತ್ತದೆ. ಒಬ್ಬರು ಮಾತಾಡಿದರೆ ಇನ್ನೊಬ್ಬರು ಕೇಳಿಸಿಕೊಂಡು ಉತ್ತರ ಕೊಡುತ್ತಾರೆ." ಇಷ್ಟು ಸಲೀಸಾಗಿ ನಾನು ಎಲ್ಲಿಯೂ ಬರೆದಿರಲಿಲ್ಲ.

"ಗಂಡ ಹೆಂಡ್ತಿ ಇದ್ದಂಗ ಅನ್ರಿ," ಎಂದರು ಹುಲಿಗೆಮ್ಮ. ಸಭೆ ಗೊಳ್ಳೆಂದಿತು. ಕರೆಂಟು ಬಂದಾಗ ಯಾರೂ ಲ್ಯಾಪ್‌ಟಾಪಿನ ಕಡೆ ನೋಡಲಿಲ್ಲ.

ಸಂಜೆ ತಂಗಿಯನ್ನು ಕಂಡು ಬಸ್ಸಿನಲ್ಲಿ ಮರಳುವಾಗ, ಅದಿರಿನ ಲಾರಿಗಳ ಧೂಳಿನ ನಡುವೆ, ಮೆಲ್ಲಗೆ ಕೇಳಿದೆ. "ನಿನಗೆ ಅದು ಆಗಿಬರಲ್ಲ ಅಂತ ಬಾಗಿಲು ಹಾಕ್ಕೊಳ್ತೀಯ ಅಂದ್ಕೊಂಡಿದ್ದೆನಲ್ಲ?"

"ಆಗಿಬರ್ಲಾರದ್ದು ಖರೇ. ಮೊದಮೊದಲು," ಎಂದಳು. "ಆಮ್ಯಾಲ ರೊಟ್ಟಿ ಬಡಿಯುವಾಗ ನಾನೂ ಹಾಡಾಕತ್ತಿದೆ. ನಿಮಗ ಕೇಳಬಾರ್ದು ಅಂತ ಬಾಗಿಲ ಹಾಕ್ಕಂತಿದ್ದೆ. ಕೇಳಿದ್ರ ಸುಮ್ನ ಬಿಡ್ತಿದ್ರೇನು? ನಾ ಹಾಡಿದ್ದು ಎಲ್ಲಿಂದ ಬಂತು, ಯಾಕ ಬಂತು ಅಂತ ಬರಕಂತ ಕುಂದ್ರತಿದ್ರಿ."

ಆಕೆ ಹೇಳಿದ್ದು ಸುಳ್ಳಲ್ಲ; ಆ ಹೊತ್ತಿಗಾಗಲೇ ಮನಸ್ಸಿನಲ್ಲಿ ಬರೆಯಲು ಶುರು ಮಾಡಿಯೇ ಬಿಟ್ಟಿದ್ದೆ. ಆ ಅಧ್ಯಾಯ ಓದಿದ ಮಾರ್ಗದರ್ಶಕರು, ಎರಡು ಕಡೆ ನಕ್ಕು, "ವಿಷಯ ಬದಲಾಯಿಸುವುದು ಬೇಡ," ಎಂದರು. ಈಗ ಭಾನುವಾರ ಅಡುಗೆ ಮನೆಯ ಬಾಗಿಲು ತೆರೆದೇ ಇರುತ್ತದೆ. ನಾನು ಪೆನ್ನು ಹಿಡಿದು ಆ ಕಡೆ ಸುಳಿಯಬಾರದು ಎಂಬುದಷ್ಟೇ ನಿಯಮ.

ಮೊನ್ನೆ, ಸಂಡೂರಿನ ಸುದ್ದಿ ಕೇಳಿದ ಕಂಪ್ಲಿಯ ಮಹಿಳಾ ಮಂಡಳಿಯಿಂದ ಕಾರ್ಯಕ್ರಮಕ್ಕೆ ಕರೆ ಬಂತು. ನನ್ನ ಫೋನಿಗೇ ಬಂತು. "ಮೇಡಂ ಅವರಿಗೆ ಕೊಡ್ರಿ," ಎಂದರು. ವಿಜಯಾ ಅವರೊಡನೆ ದಿನ, ಹೊತ್ತು, ಊಟ ಎಲ್ಲ ನಿಕ್ಕಿ ಮಾಡಿಕೊಂಡಳು. ಕೊನೆಗೆ ಅವರೇನೋ ಕೇಳಿದರು. ಈಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಲ್ರಿ, ಅವರೇನೂ ಭಾಷಣ ಮಾಡಂಗಿಲ್ಲ. ಹಿಂದ ಕುಂತು ತಾಳ ಹಾಕ್ತಾರ, ಅಷ್ಟ," ಎಂದಳು. ಜಗತ್ತಿಗೆ ಹೆಸರೇ ತಿಳಿಯದೆ ಹಿಂದೆ ಕೂತು ತಾಳ ಹಿಡಿದ ಜಾಜ್ ಕಲಾವಿದರ ಕುರಿತು ನಾನು ತುಂಬ ಮರುಕದಿಂದ ಬರೆದಿದ್ದೇನೆ. ಅದನ್ನು ತಿದ್ದಬೇಕು. ಅವರು ಅಷ್ಟೇನೂ ದುಃಖದಲ್ಲಿದ್ದಂತೆ ನನಗೀಗ ಕಾಣುವುದಿಲ್ಲ.