ಸ್ಟಾಲ್ ಸ್ಪೀಡ್ ಇಳಿಕೆ ಮತ್ತು ಮುಂದಿನ ಸೀಟಿನ ಬಗ್ಗೆ

ಇಂದ:
ಅರ್ಜಿದಾರ,
ರವಾನೆ ವಿಭಾಗದ ಹಿರಿಯ ಗುಮಾಸ್ತ (ಮನೆಯಲ್ಲಿ ಸದ್ಯಕ್ಕೆ ಯಾವ ಹುದ್ದೆಯೂ ಇಲ್ಲ),
ಶೆಡ್ಡಿನ ಬಾಗಿಲ ಬಳಿಯ ಸ್ಟೂಲು.

ಗೆ:
ಸಸಿ ತೋಟದ ಒಡತಿ, ಟ್ರಕ್ಕಿನ ಕೀಲಿಕೈ ವಶದಲ್ಲಿಟ್ಟುಕೊಂಡಿರುವ ಅಧಿಕಾರಿ ಹಾಗೂ ಅರ್ಜಿದಾರನ ಹೆಂಡತಿ,
ಹಿತ್ತಿಲು.

ವಿಷಯ: ಹಸಿರು ಟ್ರಕ್ಕನ್ನು ಭಾನುವಾರ ಮಾರದಿರುವಂತೆಯೂ, ಅದರ ಟಾರ್ಕ್ ಕನ್ವರ್ಟರಿನ ಸ್ಟಾಲ್ ಸ್ಪೀಡನ್ನು ಮನುಷ್ಯರು ತಡೆದುಕೊಳ್ಳುವ ಮಟ್ಟಕ್ಕೆ ಇಳಿಸಲು ಅನುಮತಿ ನೀಡುವಂತೆಯೂ ಕೋರಿ.

ಉಲ್ಲೇಖ: 1) ಮಂಗಳವಾರ ಸಿಗ್ನಲ್ಲಿನಲ್ಲಿ ತಾವು ಬಾಗಿಲು ಬಡಿದು ಇಳಿದುಹೋದದ್ದು.
2) ಅಂದು ಸಂಜೆಯ ತಮ್ಮ ಮೌಖಿಕ ಆದೇಶ: "ಭಾನುವಾರ ಗಾಡಿ ನೋಡೋಕೆ ಜನ ಬರ್ತಾರೆ. ತೊಳೆದಿಡಿ."

ಮಾನ್ಯರೇ,

1. ಅರ್ಜಿದಾರನು ಸದರಿ ಟ್ರಕ್ಕಿಗೆ ದೊಡ್ಡ ಟೈರು ಹಾಕಿಸಿ, ಇಂಜಿನ್ನಿನ ಕ್ಯಾಮ್ ಶಾಫ್ಟ್ ಬದಲಿಸಿದ್ದು ಸರಿಯಷ್ಟೆ. ಆ ಕಾರಣ ಇಂಜಿನ್ನಿಗೆ ಜೋರಾಗಿ ತಿರುಗಿದ ಮೇಲಷ್ಟೇ ಬಲ ಬರತೊಡಗಿ, ಗಾಡಿ ಸಿಗ್ನಲ್ಲಿನಲ್ಲಿ ನಿಂತಲ್ಲೇ ಆಫ್ ಆಗುತ್ತಿತ್ತು. ಆದ್ದರಿಂದ ಕನ್ವರ್ಟರ್ ಬದಲಿಸುವುದು ಅನಿವಾರ್ಯವಾಯಿತು. ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ.

2. ಕನ್ವರ್ಟರ್ ಕಟ್ಟಿಕೊಡುವ ಗ್ಯಾರೇಜಿನ ಯಜಮಾನರನ್ನು ಎಲ್ಲರೂ ಡಬ್ಬಿ ಮೇಷ್ಟ್ರು ಎನ್ನುತ್ತಾರೆ. ಅವರು ತಾಳ್ಮೆಯಿಂದ ವಿವರಿಸಿದರು: "ನೋಡಿ ಸಾರ್, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯ ಇರೋ ಎಣ್ಣೆ ಡಬ್ಬಿ ಇದು. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ತುಳಿದ್ರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನ ತನಕ ಏರಿ ನಿಲ್ಲುತ್ತೋ, ಅದೇ ಸ್ಟಾಲ್ ಸ್ಪೀಡು. ಮೊದಲು ಸಾವಿರದ ಆರುನೂರಿತ್ತು. ಈಗ ಎಷ್ಟಿಡಬೇಕು ಅನ್ನೋದು ಗಾಡಿ ತೂಕದ ಮೇಲೆ, ಅದು ಮಾಡೋ ಕೆಲಸದ ಮೇಲೆ. ಈ ಫಾರಂ ನಿಜ ನಿಜ ತುಂಬಿ."

3. ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಒಂದೇ ಒಂದು ಸುಳ್ಳು ಕಲಂ ಕಂಡರೂ ಇಡೀ ಫಾರಮ್ಮನ್ನು ತಿರಸ್ಕರಿಸುತ್ತ ಬಂದಿರುವ ಅರ್ಜಿದಾರನು, 'ತೂಕ' ಎಂಬ ಕಲಮ್ಮಿನಲ್ಲಿ ಖಾಲಿ ಗಾಡಿಯ ತೂಕವನ್ನು, ಅದರಲ್ಲೂ ಒಂದಿಷ್ಟು ಇಳಿಸಿ, ಬರೆದನು. 'ಉಪಯೋಗ' ಎಂಬಲ್ಲಿ ಟೊಮೆಟೊ ಸಸಿ ಸಾಗಣೆ ಎಂದು ಬರೆಯಲು ನಾಚಿ 'ರೇಸು' ಎಂದು ಬರೆದನು. ಆ ಕಾರಣ ಮೇಷ್ಟ್ರು ಹಗುರವಾದ ರೇಸ್ ಗಾಡಿಗೆ ತಕ್ಕಂತೆ ಮೂರು ಸಾವಿರದ ಆರುನೂರಕ್ಕೆ ಕಟ್ಟಿಕೊಟ್ಟರು. ಶೆಡ್ಡಿನೊಳಗೆ ಆ ಸದ್ದು ಕೇಳಿ ಅರ್ಜಿದಾರನ ಮೈ ಜುಮ್ಮೆಂದದ್ದನ್ನು ಮುಚ್ಚಿಡುವುದಿಲ್ಲ.

4. ಮಂಗಳವಾರ ನಡೆದದ್ದು ತಮಗೆ ಗೊತ್ತೇ ಇದೆ. ಹಸಿರು ದೀಪ ಬಿತ್ತು. ಇಂಜಿನ್ ಕಿವಿ ಹರಿದುಹೋಗುವಂತೆ ಅರಚಿತು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಹಿಂದಿನವರೆಲ್ಲ ಹಾರನ್ ಹೊಡೆದರು. ಆಮೇಲೆ ಗಾಡಿ ಒಮ್ಮೆಲೇ ನೆಗೆದು, ಹಿಂದಿದ್ದ ನಲವತ್ತು ಸಸಿ ಟ್ರೇಗಳು ಮಗುಚಿದವು, ತಮ್ಮ ಮಡಿಲಲ್ಲಿದ್ದ ಟ್ರೇ ತಮ್ಮ ಮೇಲೇ ಸುರಿಯಿತು. ತಾವು ಮಣ್ಣು ಕೊಡವಿಕೊಳ್ಳುತ್ತ ಹೇಳಿದ ಮಾತನ್ನು ದಾಖಲೆಗಾಗಿ ಇಲ್ಲಿ ಸೇರಿಸಲಾಗಿದೆ: "ಅರಚಾಟ ಜಾಸ್ತಿ, ಓಡಾಟ ಕಮ್ಮಿ. ಥೇಟ್ ನಿಮ್ಮ ಹಾಗೇ ಇದೆ ರೀ!"

5. ತದನಂತರ ಅರ್ಜಿದಾರನು ತಪ್ಪೆಲ್ಲ ಗೇರ್‌ಬಾಕ್ಸಿನದೆಂದು ಸಾಧಿಸಿ ಮೇಷ್ಟ್ರ ಗ್ಯಾರೇಜಿನಲ್ಲೇ ಅದರ ಎಣ್ಣೆ ಬದಲಾಯಿಸಿದನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಳೆಯ ಎಣ್ಣೆ ಸೀದು ಕಪ್ಪಾಗಿತ್ತು. ಮೇಷ್ಟ್ರು ಅದನ್ನು ಮೂಸಿ ನೋಡಿ, "ಸಾರ್, ನಿಜ ಹೇಳಿ. ಇದರಲ್ಲಿ ಏನ್ ಸಾಗಿಸ್ತೀರಿ?" ಎಂದರು.

"ಸಸಿ" ಎಂದನು ಅರ್ಜಿದಾರ.

"ಅಯ್ಯೋ, ಅಷ್ಟು ಭಾರ ಹೊತ್ರೆ ಪ್ರತಿ ಸಿಗ್ನಲ್ಲಿಗೂ ಎಣ್ಣೆ ಬೇಯುತ್ತೆ. ಎರಡು ಸಾವಿರದ ಇನ್ನೂರು ಸಾಕಿತ್ತಲ್ಲ! ಹೋಗ್ಲಿ, ಯಾರಿಗೋಸ್ಕರ ಸುಳ್ಳು ಬರೆದ್ರಿ?"

ಆ ಪ್ರಶ್ನೆಯ ಉತ್ತರವನ್ನು ಅರ್ಜಿದಾರನು ಇಲ್ಲಿ ಬರೆಯುತ್ತಿದ್ದಾನೆ. ಇಪ್ಪತ್ತಾರು ವರ್ಷ ಬೇರೆಯವರ ಕಾಗದಕ್ಕೆ ಮುದ್ರೆ ಒತ್ತಿದವನಿಗೆ, ದಾರಿಯಲ್ಲಿ ಹೋಗುವವರು ಒಮ್ಮೆ ತಿರುಗಿ ನೋಡಲಿ ಎಂಬ ಆಸೆ ಇತ್ತು. ತಿರುಗಿ ನೋಡಿದರು. ನೋಡಬೇಕಾಗಿದ್ದವರು ಮಾತ್ರ ಇಳಿದು ನಡೆದುಕೊಂಡೇ ಮನೆಗೆ ಹೋದರು. ಅಂದಿನಿಂದ ತಾವು ಬಸ್ಸಿನಲ್ಲಿ ಟ್ರೇ ಹೊತ್ತು ಓಡಾಡುತ್ತಿರುವುದನ್ನು ಅರ್ಜಿದಾರನು ದಿನಾ ಶೆಡ್ಡಿನ ಬಾಗಿಲಿನಿಂದ ನೋಡುತ್ತಿದ್ದಾನೆ.

ಆದ್ದರಿಂದ ಮೇಲ್ಕಂಡ ಎಲ್ಲ ಕಾರಣಗಳಿಂದ, ಟ್ರಕ್ಕಿನ ಮಾರಾಟವನ್ನು ತಡೆಹಿಡಿದು, ಎರಡು ಸಾವಿರದ ಇನ್ನೂರರ ಕನ್ವರ್ಟರ್ ಹಾಕಿಸಲು ಅಪ್ಪಣೆ ಕೊಡಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ
(ವಿಶ್ವಾಸ ಇನ್ನೂ ಉಳಿದಿದ್ದ ಪಕ್ಷದಲ್ಲಿ),
ಅರ್ಜಿದಾರ

ಅಡಕಗಳು:
ಅ) ಹೊಸ ಫಾರಂ, ಒಂದು. 'ಉಪಯೋಗ': ಸಸಿ ಸಾಗಣೆ. ದಪ್ಪಕ್ಷರದಲ್ಲಿ ಬರೆಯಲಾಗಿದೆ.
ಆ) ಮಂಗಳವಾರ ಬದುಕುಳಿದ ಸಸಿ, ಒಂದು. ನೀರು ಹಾಕಲಾಗಿದೆ.

ವಿಶೇಷ ಸೂಚನೆ: ಹೊಸ ಫಾರಮ್ಮಿನಲ್ಲಿ 'ತೂಕ' ಎಂಬ ಕಲಂ ಖಾಲಿ ಇದೆ. ದಿನಾ ಹೋಗುವ ಸಾಮಾನು, ದಿನಾ ಕೂರುವ ಜನ, ಎಲ್ಲ ಸಮೇತ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ತೂಗಿಸಿಯೇ ಬರೆಯಬೇಕೆಂದು ಮೇಷ್ಟ್ರ ಕಟ್ಟಪ್ಪಣೆ. ತಾವು ಮುಂದಿನ ಸೀಟಿನಲ್ಲಿ ಕೂರದ ಹೊರತು ಲೆಕ್ಕ ತಪ್ಪುತ್ತದೆ. ಕಾರಣ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹಾಜರಿರಬೇಕಾಗಿ ವಿನಂತಿ. ತಮ್ಮ ತೂಕವನ್ನು ಪ್ರತ್ಯೇಕವಾಗಿ ನಮೂದಿಸಲಾಗುವುದಿಲ್ಲ.