ಕೆಳಗಿನ ಸಾಲು ಮೊದಲು

ಹೆಂಡತಿ: ಆಗಲ್ಲ ಅಂದ್ರೆ ಆಗಲ್ಲ. ಆ ಮಾತು ತಲೆ ಮೇಲೆ ಹೊತ್ಕೊಂಡು ನಾನು ಮಣ್ಣಲ್ಲಿ ಮಲಗೋಳಲ್ಲ.

ಗಂಡ: ಮಲಗಿದ ಮೇಲೆ ನಿನಗೇನೇ ಗೊತ್ತಾಗುತ್ತೆ?

ಹೆಂಡತಿ: ನನಗೆ ಗೊತ್ತಾಗಲ್ಲ. ನನ್ನ ತಂಗಿ ಬಂದು ಓದ್ತಾಳಲ್ಲ.

ಕಲ್ಲು ಕೆತ್ತುವ ಮೇಸ್ತ್ರಿಯ ಅಂಗಡಿ. ಗೋಡೆಗೆ ಒರಗಿಸಿದ ಒಂದು ಕರಿಕಲ್ಲು. ಗಂಡ ತೆರಿಗೆ ಕಚೇರಿಯಲ್ಲಿ ಕೂದಲು ನರೆಸಿ ನಿವೃತ್ತನಾದವನು. ಕುರ್ಚಿ ಬಿಟ್ಟ ಮಾರನೆಯ ದಿನದಿಂದ ಮೂರು ಸಾಲಿನ ಹಾಯ್ಕು ಬರೆಯುವ ಗೀಳು ಅಂಟಿಸಿಕೊಂಡಿದ್ದಾನೆ. ಇಬ್ಬರಿಗೂ ಒಂದೇ ಸಮಾಧಿ, ಒಂದೇ ಕಲ್ಲು ಎಂದು ಗಂಡ ಹೆಂಡತಿ ಕೂಡಿಯೇ ತೀರ್ಮಾನಿಸಿದ್ದರು. ಅದರ ಮೇಲೆ ತನ್ನ ಹಾಯ್ಕು ಇರಬೇಕೆಂದು ಮೊದಲೇ ಬಂದು ಮೇಸ್ತ್ರಿಗೆ ಹೇಳಿಹೋದವನು ಮಾತ್ರ ಗಂಡ ಒಬ್ಬನೇ.

ಗಂಡ (ಕಣ್ಣು ಮುಚ್ಚಿ):
ತೆರಿಗೆ ಕಟ್ಟಿದೆ.
ಸಾವೂ ಬಂತು.
ಚಹಾ ಆರಿತು.

(ಕಣ್ಣು ತೆರೆದು) ಇದರಲ್ಲಿ ತಪ್ಪೇನಿದೆ?

ಹೆಂಡತಿ: ಆರಿದ್ದು ಯಾರಿಂದ ಅಂತ ಓದಿದೋರು ಕೇಳಲ್ವಾ? ಮೇಲ್ಗಡೆ ನನ್ನ ಹೆಸರಿರುತ್ತೆ. ಸಾಯೋ ಗಂಡನಿಗೆ ತಣ್ಣಗಿನ ಚಹಾ ಕೊಟ್ಟವಳು ಅನ್ನಿಸ್ಕೋಬೇಕಾ ನಾನು?

ಗಂಡ: ಅದು ಚಹಾ ಅಲ್ವೇ. ಬದುಕು.

ಹೆಂಡತಿ: ಹಂಗಾದ್ರೆ ಬದುಕು ಅಂತಲೇ ಬರೀರಿ.

ಗಂಡ: ಹಾಯ್ಕುನಲ್ಲಿ ಹೇಳಬೇಕಾದ್ದನ್ನ ಬಾಯಿಬಿಟ್ಟು ಹೇಳಬಾರದು.

ಹೆಂಡತಿ: ಮದುವೆ ಆದಾಗಿಂದ ಅದನ್ನೇ ಮಾಡ್ಕೊಂಡು ಬಂದಿದೀರಿ. ಮೇಸ್ತ್ರಿ, ಆ ಸಾಲು ತೆಗೀರಿ.

ಮೇಸ್ತ್ರಿ: ಕೆತ್ತಿರೋದು ಅದೊಂದೇ ಸಾಲು, ಅಮ್ಮ.

ಇಬ್ಬರೂ ಬಗ್ಗಿ ನೋಡಿದರು. ಹೆಸರುಗಳಿಗೆ ಸೀಮೆಸುಣ್ಣದ ಗೆರೆ ಮಾತ್ರ ಎಳೆದಿತ್ತು. ನಡುವೆ ಬೋಳು. ಬುಡದಲ್ಲಿ ಬೆರಳು ಇಳಿಯುವಷ್ಟು ಆಳವಾಗಿ: ಚಹಾ ಆರಿತು.

ಗಂಡ: ಕೊನೇ ಸಾಲಿಂದ ಶುರು ಮಾಡ್ತಾರೇನಯ್ಯ ಯಾರಾದ್ರೂ?

ಮೇಸ್ತ್ರಿ: ನಾನು ಮಾಡ್ತೀನಿ ಸಾರ್. ಬೆಳಗ್ಗೆ ಸೊಂಟ ಮಾತು ಕೇಳುತ್ತೆ, ಬಗ್ಗಿ ಬುಡದ್ದು ಮುಗಿಸ್ತೀನಿ. ಸಂಜೆಗೆ ನಿಂತ್ಕೊಂಡು ಮೇಲಿನದು.

ಉಜ್ಜಿ ತೆಗೆಯಬಾರದೇ ಎಂದು ಹೆಂಡತಿ ಕೇಳಿದಳು. ಬುಡ ಸವೆದರೆ ಕಲ್ಲು ಕುಡುಕನ ಹಾಗೆ ವಾಲುತ್ತದೆ ಎಂದ ಮೇಸ್ತ್ರಿ. ಮೇಲಿನೆರಡು ಸಾಲು ಏನಾದರೂ ಹಾಕಿಕೊಳ್ಳಿ, ಕೆಳಗಿನದು ಇದ್ದೇ ಇರುತ್ತದೆ ಎಂದೂ ಹೇಳಿ, ಒಳಗೆ ಹೋಗಿ ಸ್ಟವ್ ಹಚ್ಚಿದ. ಗಂಡನಿಗೆ ಹಬ್ಬವಾಯಿತು.

ಗಂಡ:
ಆದಾಯ ಇಷ್ಟು.
ಕಡಿತ ಅಷ್ಟು.
ಚಹಾ ಆರಿತು.

ಹೆಂಡತಿ: ಸರ್ಕಾರದೋರು ಕಡಿತ ಮಾಡಿದ್ರೆ ನನ್ನ ಚಹಾ ಯಾಕೆ ಆರಬೇಕು?

ಗಂಡ:
ಎಲೆ ಉದುರಿತು.
ನಾನೂ ಉದುರಿದೆ.
ಚಹಾ ಆರಿತು.

ಹೆಂಡತಿ: ಉದುರೋಕೆ ಮುಂಚೆ ಕುಡೀಬಹುದಿತ್ತು.

ಮೇಸ್ತ್ರಿ ಮೂರು ಲೋಟ ಚಹಾ ತಂದಿಟ್ಟ. ಹೆಂಡತಿ ಒಂದು ಗುಟುಕು ಕುಡಿದು, ತರಕಾರಿಯವನಿಗೆ ಹೇಳುವಷ್ಟೇ ಸಲೀಸಾಗಿ ಹೇಳಿದಳು:

ಹೆಂಡತಿ: ಬರ್ಕೊಳ್ಳಿ ಮೇಸ್ತ್ರಿ.
ಕರೆದೆ, ಕರೆದೆ.
ಕವಿತೆ ಬರೀತಿದ್ರು.
ಚಹಾ ಆರಿತು.

ಗಂಡನ ಕಿವಿ ಕೆಂಪಾಯಿತು. ಚೆನ್ನಾಗಿದೆ ಎಂಬುದು ಅವನಿಗೂ ತಿಳಿಯಿತು, ಅದೇ ಉರಿ.

ಗಂಡ: ಇದರಲ್ಲಿ ತೆರಿಗೆ ಎಲ್ಲಿ?

ಮೇಸ್ತ್ರಿ: ಬಿಲ್ಲಲ್ಲಿ ಬರುತ್ತೆ ಸಾರ್.

ಗಂಡ: ಸಾವು?

ಮೇಸ್ತ್ರಿ: ಸಮಾಧಿ ಕಲ್ಲು ಸಾರ್. ಬೇರೆ ಹೇಳಬೇಕಾ?

ಗಂಡ: ಇದು ಶುದ್ಧ ಸುಳ್ಳು. ಇವಳು ಕರೆದಾಗ ನಾನು ಬರದೇ ಇದ್ದದ್ದು ಯಾವತ್ತು? ಸುಳ್ಳನ್ನ ಕಲ್ಲಲ್ಲಿ ಕೆತ್ತೋಕೆ ನಾನು ಬಿಡಲ್ಲ. ಇದಕ್ಕೆ ಉತ್ತರ ಕೊಡ್ತೀನಿ ಇರು, ಮೂರೇ ಸಾಲಲ್ಲಿ.

ಅವನು ಕಲ್ಲಿನ ಕಡೆ ಬೆನ್ನು ಹಾಕಿ, ಅಕ್ಷರ ಎಣಿಸುತ್ತ ಬೆರಳು ಮಡಚತೊಡಗಿದ.

ಹೆಂಡತಿ: ರೀ, ಚಹಾ.

ಗಂಡ: ಹ್ಞೂಂ.

ಹೆಂಡತಿ: ರೀ. ಚಹಾ ಕುಡೀರಿ.

ಗಂಡ: ತಡಿಯೇ, ಒಳ್ಳೇದೊಂದು ಬರ್ತಾ ಇದೆ.

ಅವನ ಲೋಟದ ಮೇಲೆ ತೆಳ್ಳಗೆ ಕೆನೆ ಕಟ್ಟಿತು. ಮೇಸ್ತ್ರಿ ಬೆರಳ ಹಿಂಬದಿಯಿಂದ ಲೋಟವನ್ನೊಮ್ಮೆ ಮುಟ್ಟಿ ನೋಡಿದ. ಆಮೇಲೆ ಉಳಿ, ಸುತ್ತಿಗೆ ಕೈಗೆ ತೆಗೆದುಕೊಂಡ.

ಮೇಸ್ತ್ರಿ: ನಡುವಿನ ಸಾಲಿಂದ ಹಿಡೀಲಾ, ಅಮ್ಮ?

ಹೆಂಡತಿ: ಹಿಡೀರಿ. ನಿಧಾನಕ್ಕೆ ಮಾಡಿ. ಅವರಿನ್ನೂ ಮೊದಲನೇ ಸಾಲಲ್ಲಿದಾರೆ.